ಕಾಲಿಲ್ಲದ ಜೀವಿಯ ನಡಿಗೆ

ಹೈಸ್ಕೂಲಿನಲ್ಲಿ ಅಮೀಬಾದ ಚಿತ್ರ ಬಿಡಿಸದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಹೇಗೆ ಬಿಡಿಸಿದರೂ ಸರಿಯಾಗುವ ಚಿತ್ರ ಅದೊಂದೇ ಅಂತ ತಮಾಷೆ ಬೇರೆ. ಒಂದು ಅಂಕುಡೊಂಕು ಗೆರೆ, ಒಳಗೊಂದು ಚುಕ್ಕೆ, ಪಕ್ಕಕ್ಕೆ ಬಾಣ ಎಳೆದು ‘ಮಿಥ್ಯಾಪಾದ’ ಎಂದು ಬರೆದರೆ ಮಾರ್ಕು ಗ್ಯಾರಂಟಿ. ಪಿಯುಸಿ ಮುಗಿದ ಮೇಲೆ ಬಯಾಲಜಿಗೆ ದೂರದಿಂದಲೇ ಕೈಮುಗಿದು ಇಂಜಿನಿಯರಿಂಗ್‌ಗೆ ಬಂದವರೇ ನಮ್ಮಲ್ಲಿ ಹೆಚ್ಚು.

ಆದರೆ ಆ ಬಾಣದ ತುದಿಯಲ್ಲಿ ಇದ್ದದ್ದು ನಿಜಕ್ಕೂ ನಮ್ಮ ವಿಷಯದ ಪ್ರಶ್ನೆ. ಎಲುಬಿಲ್ಲ, ಕೀಲಿಲ್ಲ, ಸ್ನಾಯುವಿಲ್ಲ, ಕಾಲಂತೂ ಇಲ್ಲವೇ ಇಲ್ಲ. ಹಾಗಿದ್ದೂ ಒಂದು ಹನಿ ಲೋಳೆ ಬೇಕಾದ ದಿಕ್ಕಿಗೆ ತೆವಳಿಕೊಂಡು ಹೋಗುತ್ತದೆ ಅಂದರೆ ಬಲ ಎಲ್ಲಿಂದ ಬಂತು? ಇದು ಮೆಕ್ಯಾನಿಕ್ಸ್ ಪ್ರಶ್ನೆ. ಇನ್ನೊಂದು ಮಾತೂ ಇದೆ. ಈ ನಡಿಗೆಯನ್ನು ಗುರುತು ಹಿಡಿಯುವುದು ಬರೀ ಕುತೂಹಲದ ಸಂಗತಿಯಲ್ಲ. ನಮ್ಮ ಕರಾವಳಿಯಲ್ಲೇ ಅದು ಜೀವದ ಪ್ರಶ್ನೆಯೂ ಆಗಿದೆ. ಮೊದಲು ನಡಿಗೆಯ ವಿಷಯ ನೋಡುವ, ಆಮೇಲೆ ಅಲ್ಲಿಗೆ ಬರುವ.

ನಮ್ಮೂರಲ್ಲಿ ಎಲ್ಲಿದ್ದಾವೆ?

ಎಲ್ಲ ಕಡೆ ಇದ್ದಾವೆ ಮಾರ್ರೆ! ಬ್ರಹ್ಮಾವರ ಕಡೆಯ ಮದಗ, ಬಾರ್ಕೂರಿನ ಕೆರೆಗಳು, ಗದ್ದೆಯ ಕೆಸರು, ಕೆಂಪುಕಲ್ಲು ಕಡಿದು ಬಿಟ್ಟ ಕೋರೆಯ ಹೊಂಡ, ತೋಟದ ತೋಡಿನಲ್ಲಿ ಕೊಳೆಯುವ ಎಲೆ: ಬ್ಯಾಕ್ಟೀರಿಯಾ ಇರುವಲ್ಲೆಲ್ಲ ಅವನ್ನು ತಿನ್ನುವ ಅಮೀಬಾ ಇದ್ದೇ ಇರುತ್ತದೆ. ಶಾಲಾ ಪುಸ್ತಕದ ಅಮೀಬಾ ಪ್ರೋಟಿಯಸ್ ಕಾಲು ಮಿಲಿಮೀಟರ್‌ನಿಂದ ಮುಕ್ಕಾಲು ಮಿಲಿಮೀಟರ್‌ವರೆಗೆ ಉದ್ದ. ಒಂದೇ ಜೀವಕೋಶವಾದರೂ ಬರಿಗಣ್ಣಿಗೆ ಬಿಳಿ ಚುಕ್ಕೆಯ ಹಾಗೆ ಕಾಣುವಷ್ಟು ದೊಡ್ಡದು. ಮಣ್ಣಿನಲ್ಲಿರುವ ಹೆಚ್ಚಿನ ಅಮೀಬಾಗಳು ಇದಕ್ಕಿಂತ ತುಂಬಾ ಸಣ್ಣವು. 10ರಿಂದ 35 ಮೈಕ್ರೋಮೀಟರ್ ಅಂದರೆ ನಮ್ಮ ತಲೆಕೂದಲಿನ ದಪ್ಪಕ್ಕಿಂತಲೂ ಕಡಿಮೆ.

1755ರಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನ ರೋಸೆಲ್ ಫಾನ್ ರೋಸೆನ್‌ಹೋಫ್ ಎಂಬ ಚಿತ್ರಕಾರ ಇಂಥ ಜೀವಿಯನ್ನು ಮೊದಲು ಚಿತ್ರಿಸಿ ವಿವರಿಸಿದ. ಅವನು ಇಟ್ಟ ಹೆಸರು ‘ಪುಟ್ಟ ಪ್ರೋಟಿಯಸ್’. ಪ್ರೋಟಿಯಸ್ ಗ್ರೀಕರ ಕಥೆಗಳಲ್ಲಿ ಬೇಕೆಂದಾಗ ರೂಪ ಬದಲಿಸುವ ಸಮುದ್ರದ ದೇವತೆ. ನಮ್ಮ ಬದಿಯವನಾಗಿದ್ದರೆ ‘ಮಾಯಾವಿ’ ಅಂತ ಕರೀತಿದ್ದನೋ ಏನೋ.

ನಮ್ಮ ನೀರು, ಅಮೀಬಾದ ನೀರು

ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರಿಗೆ ರೆನಾಲ್ಡ್ಸ್ ಸಂಖ್ಯೆ ನೆನಪಿರಬೇಕು: ವೇಗವನ್ನು ಉದ್ದದಿಂದ ಗುಣಿಸಿ, ನೀರಿನ ಕೈನೆಮ್ಯಾಟಿಕ್ ಸ್ನಿಗ್ಧತೆಯಿಂದ ಭಾಗಿಸಬೇಕು. ಪಂಚಗಂಗಾವಳಿಯಲ್ಲಿ ಹೋಗುವ 10 ಮೀಟರ್ ದೋಣಿ ಸೆಕೆಂಡಿಗೆ 3 ಮೀಟರ್ ಚಲಿಸಿದರೆ ಈ ಸಂಖ್ಯೆ ಸುಮಾರು 3 ಕೋಟಿ. ಅರ್ಧ ಮಿಲಿಮೀಟರ್ ಅಮೀಬಾ ಸೆಕೆಂಡಿಗೆ 3 ಮೈಕ್ರೋಮೀಟರ್ ಚಲಿಸಿದರೆ ಬರೀ 0.0015.

ಈ ವ್ಯತ್ಯಾಸದ ಅರ್ಥ ಎಂತ? ದೋಣಿಯ ಇಂಜಿನ್ ಆಫ್ ಮಾಡಿದರೂ ಅದು ಸ್ವಲ್ಪ ದೂರ ತೇಲಿಕೊಂಡು ಹೋಗುತ್ತದೆ, ಜಡತ್ವ ಇದೆಯಲ್ಲ. ಅಮೀಬಾಕ್ಕೆ ಆ ಸೌಲಭ್ಯ ಇಲ್ಲ. ಅದರ ಗಾತ್ರಕ್ಕೆ ನೀರು ಗಟ್ಟಿ ಜೋನಿಬೆಲ್ಲದ ಹಾಗೆ. ತಳ್ಳುವುದು ನಿಂತ ಕ್ಷಣವೇ ಚಲನೆಯೂ ನಿಂತಿತು. 1977ರಲ್ಲಿ ಎಡ್ವರ್ಡ್ ಪರ್ಸೆಲ್ ಎಂಬ ಭೌತವಿಜ್ಞಾನಿ ಈ ಲೋಕದ ಬಗ್ಗೆ ಒಂದು ಪ್ರಸಿದ್ಧ ಲೇಖನ ಬರೆದರು. ಕಪ್ಪೆಚಿಪ್ಪಿನ ಹಾಗೆ ಬರೀ ಬಾಯಿ ತೆರೆದು ಮುಚ್ಚುವ ಜೀವಿ ಈ ಲೋಕದಲ್ಲಿ ಎಷ್ಟು ಒದ್ದಾಡಿದರೂ ಇದ್ದಲ್ಲೇ ಇರುತ್ತದೆ ಎಂದು ತೋರಿಸಿದರು. ತೆರೆದಾಗ ಎಷ್ಟು ಹಿಂದೆ ಹೋಯಿತೋ ಮುಚ್ಚಿದಾಗ ಅಷ್ಟೇ ಮುಂದೆ, ಲೆಕ್ಕ ಸೊನ್ನೆ. ಹಾಗಾಗಿ ಇಲ್ಲಿ ಮುಂದೆ ಹೋಗಬೇಕಾದರೆ ಮುಂದಿನ ತುದಿಯಲ್ಲಿ ನಡೆಯುವ ಕೆಲಸ ಬೇರೆ, ಹಿಂದಿನ ತುದಿಯಲ್ಲಿ ನಡೆಯುವ ಕೆಲಸ ಬೇರೆ ಆಗಿರಬೇಕು. ಅಮೀಬಾ ಮಾಡುವುದು ಅದನ್ನೇ: ಮುಂದೆ ಕಟ್ಟುತ್ತದೆ, ಹಿಂದೆ ಕೆಡವುತ್ತದೆ.

ಬಯಲಾಟದ ರಂಗಸ್ಥಳ

ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ ಮೇಳಗಳ ತಿರುಗಾಟ ನೋಡಿದವರಿಗೆ ಇದನ್ನು ಸುಲಭವಾಗಿ ಹೇಳಬಹುದು. ಇವತ್ತು ಈ ಊರಲ್ಲಿ ರಂಗಸ್ಥಳ. ಬೆಳಗಾದರೆ ಬಿಚ್ಚಿ ಗಾಡಿಗೆ ಹಾಕಿ ಮುಂದಿನ ಊರಲ್ಲಿ ಮತ್ತೆ ಕಟ್ಟುತ್ತಾರೆ. ಸಾಮಾನು ಅದೇ, ಜಾಗ ಮಾತ್ರ ಹೊಸತು. ಮಿಥ್ಯಾಪಾದವೂ ಹಾಗೆಯೇ. ಅದು ಅಮೀಬಾದ ಒಂದು ಅಂಗವಲ್ಲ, ತಾತ್ಕಾಲಿಕವಾಗಿ ಕಟ್ಟಿದ ವ್ಯವಸ್ಥೆ. ಕೆಲಸ ಮುಗಿದ ಮೇಲೆ ಬಿಚ್ಚಿ ಇನ್ನೊಂದು ಕಡೆ ಕಟ್ಟುವುದು.

ಇಲ್ಲಿ ಕಂಬ, ಹಲಗೆಯ ಜಾಗದಲ್ಲಿರುವುದು ಆಕ್ಟಿನ್ ಎಂಬ ಪ್ರೋಟೀನ್. ಬಿಡಿ ಆಕ್ಟಿನ್ ಅಣು ಸುಮಾರು 5 ನ್ಯಾನೋಮೀಟರ್‌ನ ಗುಂಡು. ಇವು ಒಂದಕ್ಕೊಂದು ಜೋಡಿಸಿಕೊಂಡು ಎರಡೆಳೆಯ ಹುರಿಹಗ್ಗದ ಹಾಗೆ ತಂತುವಾಗುತ್ತವೆ. ತಂತುವಿನ ದಪ್ಪ 7 ನ್ಯಾನೋಮೀಟರ್. ಒಂದು ಹೆಜ್ಜೆಯಲ್ಲಿ ನಾಲ್ಕು ಕೆಲಸಗಳಿವೆ.

ಒಂದು, ಚಾಚುವುದು. ಕೋಶಪೊರೆಯ ಒಳಬದಿಯಲ್ಲಿ ಆಕ್ಟಿನ್ ತಂತುಗಳು ಬೆಳೆಯುತ್ತವೆ. ಎಆರ್‌ಪಿ 2/3 ಎಂಬ ಪ್ರೋಟೀನ್ ಗುಂಪು ಹಳೆ ತಂತುವಿನ ಪಕ್ಕದಲ್ಲಿ ಸುಮಾರು 70 ಡಿಗ್ರಿ ಕೋನದಲ್ಲಿ ಹೊಸ ಕವಲು ಹೊರಡಿಸುತ್ತದೆ. ಮರದ ಕೊಂಬೆಗಳ ಹಾಗೆ ಬೆಳೆದ ಈ ಜಾಲ ಪೊರೆಯನ್ನು ಹೊರಕ್ಕೆ ದೂಡುತ್ತದೆ.

ಎರಡು, ಹಿಡಿಯುವುದು. ಚಾಚಿದ ಭಾಗ ನೆಲಕ್ಕೆ ಅಂಟಬೇಕು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ನಡೆದವರಿಗೆ ಗೊತ್ತು, ಹಿಡಿತ ಇಲ್ಲದಿದ್ದರೆ ಕಾಲು ಇದ್ದೂ ಪ್ರಯೋಜನ ಇಲ್ಲ.

ಮೂರು, ಎಳೆಯುವುದು. ಮಯೋಸಿನ್ ಎಂಬ ಇನ್ನೊಂದು ಪ್ರೋಟೀನ್ ಆಕ್ಟಿನ್ ತಂತುಗಳನ್ನು ಜಗ್ಗುತ್ತದೆ. ನಮ್ಮ ತೋಳಿನ ಸ್ನಾಯು ಸಂಕುಚಿಸುವುದೂ ಇದೇ ಜೋಡಿಯಿಂದ. ಹಿಂದಿನ ಭಾಗ ಹಿಂಡಿದಂತಾಗಿ ಒಳಗಿನ ದ್ರವ ಮುಂದಕ್ಕೆ ನುಗ್ಗುತ್ತದೆ.

ನಾಲ್ಕು, ಬಿಡುವುದು. ಹಿಂದಿನ ಅಂಟು ಬಿಡುತ್ತದೆ. ಹಳೆ ತಂತುಗಳನ್ನು ಕೋಫಿಲಿನ್ ಎಂಬ ಪ್ರೋಟೀನ್ ತುಂಡರಿಸುತ್ತದೆ. ಬಿಡಿ ಆಕ್ಟಿನ್ ಅಣುಗಳು ಮುಂದಿನ ತುದಿಗೆ ಮರಳಿ ಮತ್ತೆ ಕೆಲಸಕ್ಕೆ ಹಾಜರು.

ಇದರಲ್ಲಿ ಯಾವ ತಂತು ಹಳೆಯದು, ಯಾವುದು ಹೊಸತು ಅಂತ ಕೋಫಿಲಿನ್‌ಗೆ ಗೊತ್ತಾಗುವುದು ಹೇಗೆ? ಉತ್ತರ ಚೆಂದ ಇದೆ. ಪ್ರತಿ ಆಕ್ಟಿನ್ ಅಣುವೂ ತಂತುವಿಗೆ ಸೇರುವಾಗ ಒಂದು ಎಟಿಪಿ ಹಿಡಿದುಕೊಂಡು ಬರುತ್ತದೆ. ಸೇರಿದ ಸ್ವಲ್ಪ ಹೊತ್ತಿಗೆ ಅದು ಒಡೆದು ಎಡಿಪಿ ಆಗುತ್ತದೆ. ಅಂದರೆ ಪ್ರತಿಯೊಂದಕ್ಕೂ ಎಕ್ಸ್‌ಪೈರಿ ಡೇಟ್ ಇದ್ದ ಹಾಗೆ. ಕೋಫಿಲಿನ್ ಹೆಚ್ಚಾಗಿ ಅಂಟುವುದು ಎಡಿಪಿ ಇರುವ ಹಳೆ ಭಾಗಕ್ಕೇ. ಮೇಸ್ತ್ರಿ ಇಲ್ಲ, ಸೂಪರ್‌ವೈಸರ್ ಇಲ್ಲ, ಆದರೂ ಕೆಡವಬೇಕಾದದ್ದೇ ಕೆಡವಲ್ಪಡುತ್ತದೆ.

ಸ್ವಲ್ಪ ಲೆಕ್ಕ

ಪೊರೆಯನ್ನು ತಂತು ತಳ್ಳುತ್ತದೆ ಅಂದೆವಲ್ಲ, ತಂತುವಿನ ತುದಿ ಆಗಲೇ ಪೊರೆಗೆ ತಾಗಿಕೊಂಡಿದ್ದರೆ ಹೊಸ ಅಣು ನುಗ್ಗಲು ಜಾಗ ಎಲ್ಲಿ? 1993ರಲ್ಲಿ ಪೆಸ್ಕಿನ್, ಓಡೆಲ್ ಮತ್ತು ಓಸ್ಟರ್ ಇದಕ್ಕೆ ‘ಬ್ರೌನಿಯನ್ ರಾಚೆಟ್’ ಎಂಬ ಉತ್ತರ ಕೊಟ್ಟರು. ವರ್ಕ್‌ಶಾಪಿನ ರಾಚೆಟ್ ಸ್ಪ್ಯಾನರ್ ಒಂದೇ ದಿಕ್ಕಿಗೆ ತಿರುಗಿಸುತ್ತದೆ, ಹಿಂದಕ್ಕೆ ಬರುವಾಗ ಜಾರುತ್ತದೆ. ಹಾಗೆಯೇ ಉಷ್ಣದಿಂದಾಗಿ ಪೊರೆ ಸದಾ ನಡುಗುತ್ತಿರುತ್ತದೆ. ಒಂದು ಕ್ಷಣ ಹೊರಕ್ಕೆ ಸರಿದಾಗ 2.7 ನ್ಯಾನೋಮೀಟರ್ ಸಂದು ಸಿಕ್ಕಿದರೆ ಸಾಕು, ಒಂದು ಆಕ್ಟಿನ್ ಅಣು ಒಳಸೇರಿತು. ಇನ್ನು ಪೊರೆ ಹಿಂದೆ ಬರುವ ಹಾಗಿಲ್ಲ. ಬಸ್ಸಿನ ಸೀಟಿನಲ್ಲಿ ಸ್ವಲ್ಪ ಅಲುಗಾಡಿದಾಗ ಸಿಕ್ಕ ಜಾಗದಲ್ಲಿ ಪಕ್ಕದವರು ಕೂತುಬಿಡುತ್ತಾರಲ್ಲ, ಹಾಗೆ!

ಎಷ್ಟು ಬಲ? ಕೋಣೆಯ ತಾಪಮಾನದಲ್ಲಿ ಉಷ್ಣಶಕ್ತಿಯ ಅಳತೆ ಸುಮಾರು 4.1 ಪಿಕೋನ್ಯೂಟನ್-ನ್ಯಾನೋಮೀಟರ್. ಅದನ್ನು 2.7 ನ್ಯಾನೋಮೀಟರ್‌ನಿಂದ ಭಾಗಿಸಿದರೆ 1.5 ಪಿಕೋನ್ಯೂಟನ್. ಇದನ್ನು ಆಕ್ಟಿನ್ ಸಾಂದ್ರತೆಯ ಅನುಪಾತದ ನ್ಯಾಚುರಲ್ ಲಾಗ್‌ನಿಂದ ಗುಣಿಸಬೇಕು. ತಂತು ಬೆಳೆಯಲು ಬೇಕಾದ ಕನಿಷ್ಠ ಸಾಂದ್ರತೆಯ 100 ಪಟ್ಟು ಇದೆ ಅಂತ ಇಟ್ಟುಕೊಂಡರೆ ಗುಣಕ 4.6, ಬಲ ಸುಮಾರು 7 ಪಿಕೋನ್ಯೂಟನ್. ಇದು ಒಂದು ತಂತುವಿನ ಗರಿಷ್ಠ ಮಿತಿ. ಸಾವಿರ ತಂತು ಸೇರಿದರೆ 7 ನ್ಯಾನೋನ್ಯೂಟನ್, ಅಂದರೆ 0.7 ಮೈಕ್ರೋಗ್ರಾಂ ಎತ್ತುವ ಬಲ. 15 ಮೈಕ್ರೋಮೀಟರ್ ಅಡ್ಡಳತೆಯ ಕೋಶದ ತೂಕ ಸುಮಾರು 1.8 ನ್ಯಾನೋಗ್ರಾಂ. ತನ್ನ ತೂಕದ 400 ಪಟ್ಟಿನ ಹತ್ತಿರ ಆಯಿತಲ್ಲ! ಮಿಥ್ಯಾಪಾದ ಬರೀ ಲೋಳೆ ಅಂತ ತಾತ್ಸಾರ ಮಾಡಬೇಡಿ.

ತಳ್ಳುವುದೋ, ಎಳೆಯುವುದೋ?

ಅಮೀಬಾ ಪ್ರೋಟಿಯಸ್‌ನಂಥ ದೊಡ್ಡ ಅಮೀಬಾಗಳಲ್ಲಿ ಇನ್ನೊಂದು ಸೊಗಸು ಕಾಣುತ್ತದೆ. ಹೊರಪದರ ಗಟ್ಟಿ, ಒಳಗೆ ದ್ರವ. ತುಪ್ಪ ಬಿಸಿಗೆ ಕರಗಿ ತಂಪಿಗೆ ಗಟ್ಟಿಯಾಗುತ್ತದಲ್ಲ, ಹಾಗೆ ಅಮೀಬಾದ ಕೋಶದ್ರವ್ಯವೂ ಎರಡು ಸ್ಥಿತಿಗಳ ನಡುವೆ ಹೋಗಿ ಬರುತ್ತದೆ. ಆದರೆ ಇಲ್ಲಿ ಕಾರಣ ಬಿಸಿಯಲ್ಲ, ಆಕ್ಟಿನ್ ಜಾಲ ಹೆಣೆದುಕೊಳ್ಳುವುದು ಮತ್ತು ಬಿಚ್ಚಿಕೊಳ್ಳುವುದು. ಒಳಗಿನ ದ್ರವ ನಡುವಿನಲ್ಲಿ ಮುಂದಕ್ಕೆ ಹರಿದು ತುದಿಯಲ್ಲಿ ಕಾರಂಜಿಯ ಹಾಗೆ ಪಕ್ಕಕ್ಕೆ ಬಿದ್ದು ಗಟ್ಟಿಯಾಗುತ್ತದೆ. ಬಾಲದ ಕಡೆ ಗಟ್ಟಿ ಪದರ ಕರಗಿ ಮತ್ತೆ ದ್ರವವಾಗುತ್ತದೆ.

ಈ ಹರಿವಿಗೆ ಬಲ ಎಲ್ಲಿಂದ ಎನ್ನುವುದರ ಮೇಲೆ ದೊಡ್ಡ ಜಗಳವೇ ನಡೆದಿದೆ. ಬಾಲ ಹಿಂಡುತ್ತದೆ, ಟೂತ್‌ಪೇಸ್ಟ್ ಟ್ಯೂಬಿನ ಹಾಗೆ ದ್ರವ ಮುಂದೆ ಬರುತ್ತದೆ ಎಂದು 1926ರಲ್ಲಿ ಮಾಸ್ಟ್ ವಾದಿಸಿದರು. ಇಲ್ಲ, ಮುಂದಿನ ತುದಿಯಲ್ಲಿ ಆಗುವ ಸಂಕೋಚನವೇ ದ್ರವವನ್ನು ಎಳೆದುಕೊಳ್ಳುತ್ತದೆ ಎಂದು 1961ರಲ್ಲಿ ರಾಬರ್ಟ್ ಆಲನ್ ಹೇಳಿದರು. ಮುಂದಿನ ಪಾಲು ಎಷ್ಟು, ಹಿಂದಿನ ಪಾಲು ಎಷ್ಟು ಎನ್ನುವುದು ಜೀವಿಯಿಂದ ಜೀವಿಗೆ, ನೆಲದಿಂದ ನೆಲಕ್ಕೆ ಬದಲಾಗುತ್ತದೆ. ಸೆಕೆಂಡಿಗೆ 3 ಮೈಕ್ರೋಮೀಟರ್ ಲೆಕ್ಕ ಹಿಡಿದರೂ ಗಂಟೆಗೆ ಒಂದು ಸೆಂಟಿಮೀಟರ್ ದಾಟುತ್ತದೆ.

ಅಳಿವೆಯ ಬಲೆಗಾಲುಗಳು

ಎಲ್ಲ ಮಿಥ್ಯಾಪಾದವೂ ಗುಂಡುಬೆರಳಿನ ಹಾಗೆ ಇರುವುದಿಲ್ಲ. ಸೌಪರ್ಣಿಕಾ, ವಾರಾಹಿ, ಚಕ್ರಾ ಮುಂತಾದ ನದಿಗಳು ಸೇರುವ ಕುಂದಾಪುರದ ಅಳಿವೆಯಂಥ ಉಪ್ಪುನೀರಿನ ಕೆಸರಿನಲ್ಲಿ ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳಿರುತ್ತವೆ. ಸುಣ್ಣದ ಪುಟ್ಟ ಚಿಪ್ಪು ಕಟ್ಟಿಕೊಂಡು ಅದರ ರಂಧ್ರಗಳಿಂದ ಸಪೂರ ಎಳೆಗಳನ್ನು ಹೊರಚಾಚುತ್ತವೆ. ಎಳೆಗಳು ಒಂದಕ್ಕೊಂದು ಕೂಡಿ ಬೀಸುಬಲೆಯ ಹಾಗೆ ಹರಡುತ್ತವೆ. ನಡೆಯುವುದಕ್ಕೂ ಅದೇ, ಊಟ ಹಿಡಿಯುವುದಕ್ಕೂ ಅದೇ. ಇಲ್ಲಿ ಮುಖ್ಯ ಕಂಬ ಆಕ್ಟಿನ್ ಅಲ್ಲ, ಮೈಕ್ರೋಟ್ಯೂಬ್ಯೂಲ್ ಎಂಬ ಕೊಳವೆಗಳು. ಒಂದೇ ಎಳೆಯಲ್ಲಿ ಕಣಗಳು ಎರಡೂ ದಿಕ್ಕಿಗೆ ಓಡುತ್ತಿರುತ್ತವೆ, ಬ್ರಹ್ಮಾವರದಿಂದ ಬೈಂದೂರಿಗೆ ಹೋಗುವ ಹೈವೇ 66ರ ಹಾಗೆ. ಜೀವಿ ಸತ್ತ ಮೇಲೆ ಚಿಪ್ಪು ಉಳಿಯುತ್ತದೆ. ಪುರಾತನ ಸಮುದ್ರದ ಹವಾಮಾನವನ್ನು ವಿಜ್ಞಾನಿಗಳು ಓದುವುದು ಇಂಥ ಚಿಪ್ಪುಗಳಿಂದ. ಈಜಿಪ್ಟಿನ ಪಿರಮಿಡ್ಡಿನ ಸುಣ್ಣಕಲ್ಲಿನಲ್ಲೂ ಇವುಗಳದ್ದೇ ದೊಡ್ಡ ಬಳಗದವರ ಚಿಪ್ಪುಗಳಿವೆ.

ನಮ್ಮೊಳಗೆ ತೆವಳುವವರು

ಕೆರೆ, ಅಳಿವೆ ಬಿಟ್ಟು ಈಗ ನಮ್ಮ ರಕ್ತಕ್ಕೆ ಬರುವ. 1882ರಲ್ಲಿ ಇಟಲಿಯ ಮೆಸಿನಾದಲ್ಲಿ ಎಲೀ ಮೆಚ್ನಿಕಾಫ್ ನಕ್ಷತ್ರಮೀನಿನ ಪಾರದರ್ಶಕ ಮರಿಯೊಳಗೆ ಗುಲಾಬಿ ಮುಳ್ಳು ಚುಚ್ಚಿಟ್ಟರು. ಮರುದಿನ ನೋಡಿದರೆ ಅಮೀಬಾದ ಹಾಗೆ ತೆವಳುವ ಕೋಶಗಳು ಮುಳ್ಳಿನ ಸುತ್ತ ಗುಂಪುಗೂಡಿದ್ದವು. ದೇಹವನ್ನು ಕಾಯುವ ಕೋಶಗಳ ಕಲ್ಪನೆ ಗಟ್ಟಿಯಾದದ್ದು ಅಲ್ಲಿಂದ. 1908ರಲ್ಲಿ ಅವರಿಗೆ ನೊಬೆಲ್ ಬಂತು.

ನಮ್ಮ ಬಿಳಿ ರಕ್ತಕಣಗಳೂ ಹೀಗೆಯೇ ಮಿಥ್ಯಾಪಾದ ಚಾಚಿ ರಕ್ತನಾಳದ ಗೋಡೆಯ ಸಂದಿಯಿಂದ ನುಸುಳಿ ಗಾಯದ ಜಾಗಕ್ಕೆ ಹೋಗುತ್ತವೆ. 1950ರ ದಶಕದಲ್ಲಿ ಅಮೆರಿಕದ ಡೇವಿಡ್ ರೋಜರ್ಸ್ ತೆಗೆದ ಒಂದು ಫಿಲ್ಮಿನಲ್ಲಿ ನ್ಯೂಟ್ರೋಫಿಲ್ ಕೆಂಪುಕಣಗಳ ನಡುವೆ ದಾರಿ ಮಾಡಿಕೊಂಡು ಬ್ಯಾಕ್ಟೀರಿಯಾವನ್ನು ಅಟ್ಟಿಸಿಕೊಂಡು ಹೋಗುತ್ತದೆ. ಇಂಟರ್ನೆಟ್ಟಿನಲ್ಲಿ ಸಿಗುತ್ತದೆ, ತಪ್ಪದೆ ನೋಡಿ. ನ್ಯೂಟ್ರೋಫಿಲ್‌ನ ವೇಗ ನಿಮಿಷಕ್ಕೆ ಸುಮಾರು 10 ಮೈಕ್ರೋಮೀಟರ್. ಈ ಸಂಖ್ಯೆ ನೆನಪಿಡಿ, ಮುಂದೆ ಬೇಕಾಗುತ್ತದೆ.

ನಡಿಗೆಯೇ ಗುರುತು

2002ರ ಜನವರಿಯಲ್ಲಿ ಮಂಗಳೂರಿನ ವೈದ್ಯರು ‘ಜರ್ನಲ್ ಆಫ್ ಕ್ಲಿನಿಕಲ್ ಮೈಕ್ರೋಬಯಾಲಜಿ’ಯಲ್ಲಿ ಒಂದು ಪ್ರಕರಣ ವರದಿ ಮಾಡಿದರು. 5 ತಿಂಗಳ ಮಗು ಮಿದುಳಿನ ಉರಿಯೂತದಿಂದ ತೀರಿಕೊಂಡಿತ್ತು. ಬೆನ್ನುಹುರಿಯ ದ್ರವದಲ್ಲಿ ಸಿಕ್ಕಿದ್ದು ನೇಗ್ಲೇರಿಯಾ ಫೌಲೆರಿ ಎಂಬ ಅಮೀಬಾ. ಸ್ನಾನದ ಹೊತ್ತಿನಲ್ಲಿ ಸೋಂಕು ತಗುಲಿರಬಹುದು ಎಂದು ವರದಿ ಹೇಳಿತು. ಸ್ನಾನಕ್ಕೆ ಬಳಸಿದ ಬಾವಿಯ ನೀರಿನಲ್ಲೂ ಅದೇ ಅಮೀಬಾ ಬೆಳೆದು ಬಂತು. ಕೇರಳದಲ್ಲಿ 2024 ಮತ್ತು 2025ರಲ್ಲಿ ‘ಮಿದುಳು ತಿನ್ನುವ ಅಮೀಬಾ’ ಎಂದು ಸುದ್ದಿಯಾದ ಪ್ರಕರಣಗಳಲ್ಲಿ ಮುಖ್ಯವಾಗಿ ಕೇಳಿಬಂದದ್ದು ಇದೇ ಹೆಸರು. ಅಲ್ಲಿನ ಸರಕಾರ 2025ರಲ್ಲಿ ಬಾವಿಗಳಿಗೆ ಕ್ಲೋರಿನ್ ಹಾಕುವ ಅಭಿಯಾನವನ್ನೇ ನಡೆಸಿತು.

ಈ ಅಮೀಬಾ ಬೆಚ್ಚಗಿನ ಸಿಹಿನೀರಿನಲ್ಲಿ ಬ್ಯಾಕ್ಟೀರಿಯಾ ತಿಂದುಕೊಂಡು ಇರುವಂಥದ್ದು. 45 ಡಿಗ್ರಿ ಸೆಲ್ಸಿಯಸ್‌ನಲ್ಲೂ ಬೆಳೆಯುತ್ತದೆ. ಕುಡಿದರೆ ಏನೂ ಆಗುವುದಿಲ್ಲ. ನೀರು ಮೂಗಿನ ಮೇಲ್ಭಾಗಕ್ಕೆ ರಭಸದಿಂದ ಹೋದರೆ ಮಾತ್ರ ಅಪಾಯ. ಅಲ್ಲಿಂದ ವಾಸನೆಯ ನರವನ್ನೇ ದಾರಿ ಮಾಡಿಕೊಂಡು, ಅದೇ ಮಿಥ್ಯಾಪಾದಗಳಿಂದ ತೆವಳುತ್ತಾ ಮಿದುಳಿಗೆ ಸೇರುತ್ತದೆ. ಕಾಯಿಲೆ ಅತಿ ಅಪರೂಪ. ಕೋಟ್ಯಂತರ ಜನ ಕೆರೆಯಲ್ಲಿ ಈಜುತ್ತಾರೆ, ಕೆಲವರಿಗೆ ಮಾತ್ರ ಬರುತ್ತದೆ. ಆದರೆ ಬಂದರೆ ಜಗತ್ತಿನಾದ್ಯಂತ ಬದುಕಿ ಉಳಿದವರು ಬೆರಳೆಣಿಕೆಯಷ್ಟು. ಬೇಗ ಪತ್ತೆಯಾದರೆ ಆಸೆ ಇದೆ: 2024ರ ಜುಲೈಯಲ್ಲಿ ಕಲ್ಲಿಕೋಟೆ ಜಿಲ್ಲೆಯ 14 ವರ್ಷದ ಹುಡುಗನೊಬ್ಬ ಗುಣವಾಗಿ ಮನೆಗೆ ಹೋದ.

ಪತ್ತೆ ಯಾಕೆ ತಡವಾಗುತ್ತದೆ? ಜ್ವರ, ತೀವ್ರ ತಲೆನೋವು, ವಾಂತಿ, ಕುತ್ತಿಗೆ ಬಿಗಿತ: ಎಲ್ಲ ಲಕ್ಷಣವೂ ಬ್ಯಾಕ್ಟೀರಿಯಾದ ಮೆನಿಂಜೈಟಿಸ್ ಹಾಗೆಯೇ. ಬೆನ್ನುಹುರಿಯ ದ್ರವ ತೆಗೆದು ನೋಡಿದರೂ ತುಂಬಾ ಬಿಳಿ ರಕ್ತಕಣಗಳು ಕಾಣುತ್ತವೆ. ಅವುಗಳ ನಡುವೆ ಸುಮಾರು ಅದೇ ಗಾತ್ರದ ಅಮೀಬಾ ಸೇರಿಕೊಂಡರೆ ಅದನ್ನೂ ಬಿಳಿಕಣ ಅಂತಲೇ ಎಣಿಸಿಬಿಡುವ ಸಾಧ್ಯತೆ ಇದೆ. ಎರಡೂ ಆಕಾರ ಬದಲಿಸುವ ಲೋಳೆಗಳೇ. ಹಾಗಾದರೆ ವ್ಯತ್ಯಾಸ?

ನಡಿಗೆ! ತಾಜಾ ದ್ರವದ ಒಂದು ಹನಿಯನ್ನು ಸ್ಲೈಡಿನ ಮೇಲಿಟ್ಟು ತಕ್ಷಣ ನೋಡಿದರೆ ಅಮೀಬಾ ಚುರುಕಾಗಿ ತೆವಳುತ್ತಿರುತ್ತದೆ. ಇದೇ ಕುಲದ ನಿರಪಾಯಕಾರಿ ತಂಗಿ ನೇಗ್ಲೇರಿಯಾ ಗ್ರೂಬೆರಿ ನಿಮಿಷಕ್ಕೆ 120 ಮೈಕ್ರೋಮೀಟರ್‌ಗೂ ಹೆಚ್ಚು ಹೋಗಬಲ್ಲದು. ನ್ಯೂಟ್ರೋಫಿಲ್‌ಗೆ ಹೋಲಿಸಿದರೆ ಹತ್ತು ಪಟ್ಟಿಗಿಂತ ಜಾಸ್ತಿ. ಯಂತ್ರ ಎರಡರಲ್ಲೂ ಅದೇ ಆಕ್ಟಿನ್, ಆದರೆ ಓಡಿಸುವ ವೇಗ ಬೇರೆ. ಆದ್ದರಿಂದಲೇ ಅಮೀಬಾ ಅನುಮಾನ ಇದ್ದಾಗ ಆ ದ್ರವವನ್ನು ಫ್ರಿಜ್‌ನಲ್ಲಿ ಇಡಬಾರದು ಎಂಬ ನಿಯಮ ಇದೆ. ತಂಪಾದರೆ ನಡಿಗೆ ನಿಲ್ಲುತ್ತದೆ. ನಡಿಗೆ ನಿಂತರೆ ಗುರುತೂ ಹೋಯಿತು.

ನಾವು ಮಾಡಬೇಕಾದದ್ದು

ಈಜು ಬಿಡಿ ಅಂತ ಯಾರೂ ಹೇಳುವುದಿಲ್ಲ. ಮರವಂತೆಯ ಕಡಲಿನಲ್ಲಿ ಈ ಭಯವೇ ಇಲ್ಲ, ಸಮುದ್ರದ ಉಪ್ಪಿನಲ್ಲಿ ಅದು ಬದುಕುವುದಿಲ್ಲ. ಬೇಸಿಗೆಯಲ್ಲಿ ಬಿಸಿಯಾಗಿ ನಿಂತ ಕೆರೆ, ಕೋರೆಹೊಂಡದ ನೀರಿಗೆ ಮೇಲಿಂದ ಹಾರುವುದು, ತಳದ ಕೆಸರು ಕಲಕುವುದು ಬೇಡ. ಈಜುವಾಗ ಮೂಗಿಗೆ ಕ್ಲಿಪ್ ಹಾಕಿ, ಇಲ್ಲದಿದ್ದರೆ ತಲೆ ಮುಳುಗಿಸಬೇಡಿ. ಜಲನೇತಿ ಮಾಡುವವರು ಕುದಿಸಿ ಆರಿಸಿದ ನೀರನ್ನೇ ಬಳಸಿ. ಹಸುಗೂಸಿಗೆ ಸ್ನಾನ ಮಾಡಿಸುವಾಗ ಮೂಗಿಗೆ ನೀರು ಹೋಗದಂತೆ ನೋಡಿಕೊಳ್ಳಲಿ ಎಂದು ಮನೆಯಲ್ಲಿ ಅಮ್ಮ, ಅಜ್ಜಿಗೆ ಹೇಳಿ. ಬಾವಿಗೆ ಆರೋಗ್ಯ ಇಲಾಖೆಯವರು ಹೇಳುವ ಪ್ರಮಾಣದಲ್ಲಿ ಬ್ಲೀಚಿಂಗ್ ಪೌಡರ್ ಹಾಕಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ನೀರಿಗಿಳಿದ ಎರಡು ವಾರದೊಳಗೆ ಜ್ವರ, ವಿಪರೀತ ತಲೆನೋವು ಬಂದರೆ ಆಸ್ಪತ್ರೆಗೆ ಹೋಗಿ ‘ಇಂಥ ದಿನ ಇಂಥ ಕೆರೆಯಲ್ಲಿ ಈಜಿದ್ದೆ’ ಅಂತ ಕೇಳದಿದ್ದರೂ ಹೇಳಿ. ಆ ಒಂದು ವಾಕ್ಯದಿಂದ ಲ್ಯಾಬಿನವರು ನಡಿಗೆಯನ್ನು ಹುಡುಕುತ್ತಾರೆ.

ಕಣ್ಣಾರೆ ಕಾಣಬೇಕೆ? ಲ್ಯಾಬಿನಲ್ಲಿ ಗೊತ್ತಿರುವವರ ಜೊತೆ, ಕೈಗವಸು ಹಾಕಿಕೊಂಡು ಮಾಡಿ. ಮದಗದ ಕೊಳೆತ ಎಲೆ ಮತ್ತು ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಹಾಕಿ, ಒಂದೆರಡು ಅಗುಳು ಬೆಂದ ಅನ್ನ ಸೇರಿಸಿ, ನೆರಳಿನಲ್ಲಿ ಒಂದೆರಡು ವಾರ ಇಡಿ. ತಳದಿಂದ ಒಂದು ಹನಿ ತೆಗೆದು ಸ್ಲೈಡಿಗೆ ಹಾಕಿ ಹತ್ತು ನಿಮಿಷ ಅಲುಗಾಡಿಸದೆ ಬಿಡಿ. ನೂರು ಪಟ್ಟು ಹಿಗ್ಗಿಸುವ ಮೈಕ್ರೋಸ್ಕೋಪ್ ಸಾಕು. ಮನು ಪ್ರಕಾಶ್ ಅವರ ತಂಡ ಸ್ಟ್ಯಾನ್‌ಫರ್ಡ್‌ನಲ್ಲಿ ರೂಪಿಸಿದ ಕಾಗದದ ಫೋಲ್ಡ್‌ಸ್ಕೋಪ್ 140 ಪಟ್ಟು ತೋರಿಸುತ್ತದೆ. ಬೆಳಕು ಕಡಿಮೆ ಮಾಡಿ. ಮೊದಲು ಏನೂ ಕಾಣುವುದಿಲ್ಲ, ಓಡಾಡುವ ಬೇರೆ ಜೀವಿಗಳೇ ಕಣ್ಣಿಗೆ ಬೀಳುತ್ತವೆ. ಅವಸರ ಮಾಡಬೇಡಿ. ಸುಮ್ಮನೆ ಬಿದ್ದಿದ್ದ ಒಂದು ಬೂದು ಚುಕ್ಕೆಯ ಅಂಚು ಮೆಲ್ಲಗೆ ಉಬ್ಬಿ, ಒಳಗಿನ ಕಣಗಳು ಆ ಕಡೆ ಹರಿಯತೊಡಗಿದರೆ, ಅದೇ. ಕೆಲಸ ಮುಗಿಸಿ ಕೈ ಚೆನ್ನಾಗಿ ತೊಳೆದುಕೊಳ್ಳಿ.